ಗೇಟಿನ ಮೂಲೆಯ ಕಾಗದದ ಹೂವು

ನಮ್ಮ ಮನೆ ಮುಂದಿನ ಜಾಗಕ್ಕೆ ಮರುಭೂಮಿ ಅಂತ ಹೆಸರಿಟ್ಟವರು ನೀವು ಮಕ್ಕಳೇ. ಶಾಲೆಯಲ್ಲಿ ಆ ಪಾಠ ಆದ ದಿನ ಓಡಿಬಂದು, ಅಜ್ಜಿ, ನಮ್ಮನೇಲೂ ಒಂದು ಮರುಭೂಮಿ ಇದೆ, ಒಂಟೆ ಒಂದು ತಂದರಾಯ್ತು ಅಂದಿರಿ. ನಾನು ನಕ್ಕೆ. ನಿಮ್ಮಪ್ಪ ನಗಲಿಲ್ಲ. ತಿನ್ನುತ್ತಿದ್ದ ದೋಸೆ ಬಿಟ್ಟು ಕಿಟಕಿಯಿಂದ ಹೊರಗೆ ನೋಡಿದ. ಇವನ ತಲೆಯಲ್ಲಿ ಏನೋ ಕೂತಿತು ಅಂತ ನನಗೆ ಆಗಲೇ ಅನುಮಾನ ಬಂತು. ನನಗೆ ಅನುಮಾನ ಬೇಗ ಬರುತ್ತದೆ. ಮಾತು ಕಡಿಮೆ ಇರುವವರ ಕತೆಯೇ ಹೀಗಿರಬೇಕು. ಬೇರೆಯವರು ಕೇಳಿ ತಿಳಿದುಕೊಳ್ಳುವುದನ್ನು ನಾವು ನೋಡಿ ಊಹಿಸುತ್ತ ಕೂರುತ್ತೇವೆ.

ಆ ನೆಲ ಹಾಗೆ ಬಂಜರಾಗಿ ಇದ್ದದ್ದಕ್ಕೆ ಕಾರಣ ಇದೆ. ನಿಮ್ಮ ತಾತ ಜನ್ನಾಪುರದಲ್ಲಿ ಈ ಸೈಟು ಕೊಂಡಾಗ ಇದೊಂದು ತಗ್ಗು. ಆಗ ಭದ್ರಾವತಿಯಲ್ಲಿ ತಗ್ಗು ತುಂಬಿಸಬೇಕು ಅಂದರೆ ಜನ ಕಿಟ್ಟ ತರಿಸುತ್ತಿದ್ದರು. ಕಬ್ಬಿಣ ಕರಗಿಸಿದ ಮೇಲೆ ಉಳಿಯುವ ಕಸವೇ ಕಿಟ್ಟ. ಕಪ್ಪಗೆ, ತೂತುತೂತಾಗಿ, ಕಲ್ಲಿನ ಹಾಗೆ ಇರುತ್ತದೆ. ಲಾರಿಗಟ್ಟಲೆ ಅದನ್ನು ಸುರಿಸಿ, ಮೇಲೆ ಒಂದು ಗೇಣು ಹರಳುಹರಳಾದ ಗೊಚ್ಚು ಮಣ್ಣು ಹರಡಿ, ಅದರ ಮೇಲೆ ಮನೆ ಕಟ್ಟಿದರು. ಮನೆ ಗಟ್ಟಿಯಾಗಿ ನಿಂತಿತು. ಗಿಡ ಮಾತ್ರ ಒಂದೂ ನಿಲ್ಲಲಿಲ್ಲ. ನಾನು ಹೊಳಲೂರಿನವಳು. ತುಂಗೆಯ ದಡದ ಕರಿಮಣ್ಣಿನಲ್ಲಿ ಆಡಿ ಬೆಳೆದವಳು. ತವರಿನಿಂದ ಮಲ್ಲಿಗೆ ತಂದು ನೆಟ್ಟೆ, ದಾಸವಾಳ ತಂದು ನೆಟ್ಟೆ. ಬೇಸಿಗೆ ಬಂದರೆ ಕೆಳಗಿನ ಕಿಟ್ಟ ಬಾಣಲೆಯಂತೆ ಕಾದು ಬೇರು ಸುಟ್ಟುಹೋಗುತ್ತಿತ್ತು. ನಿಮ್ಮ ತಾತ ಕಬ್ಬಿಣದ ಕಾರ್ಖಾನೆಯ ಕೆಲಸ ಮುಗಿಸಿ ಬಂದು, ಅಂಗಿ ಕೂಡ ಬಿಚ್ಚದೆ, ಒಂದು ಗುಲಾಬಿಗೆ ಬಕೆಟ್ಟಿನಲ್ಲಿ ನೀರು ಹೊತ್ತು ಹಾಕುತ್ತಿದ್ದರು. ಅದೂ ಹೋಯಿತು. ಅವರೂ ಹೋದರು. ಆಮೇಲೆ ಆ ಕಡೆ ಯಾರೂ ತಲೆ ಹಾಕಲಿಲ್ಲ.

ನಾನು ಮಾತ್ರ ದಿನಾ ಸಂಜೆ ಅಲ್ಲೇ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಅಡುಗೆಮನೆ ನಿಮ್ಮಮ್ಮನದು, ನಡುಮನೆ ಟಿವಿಯದು, ರೂಮು ನಿಮ್ಮ ಪುಸ್ತಕಗಳದ್ದು. ಯಾರೂ ನನ್ನನ್ನು ಏಳು ಅಂತ ಹೇಳಿದವರಲ್ಲ. ಆದರೂ ಒಳಗೆ ಎಲ್ಲಿ ಕೂತರೂ ಯಾರದೋ ದಾರಿಗೆ ಅಡ್ಡ ಕೂತ ಹಾಗೆ ನನಗೆ ಅನ್ನಿಸುತ್ತಿತ್ತು. ಆ ಬೋಳು ನೆಲದ ಮುಂದೆ ಮಾತ್ರ ಹಾಗೆ ಅನ್ನಿಸುತ್ತಿರಲಿಲ್ಲ.

ನಾನು ಊಹಿಸಿದ್ದೇ ಆಯಿತು. ನಿಮ್ಮಪ್ಪ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯಿಂದ ಒಂದು ಸಂಜೆ ಬರುವಾಗ ಮೊಬೈಲಿನಲ್ಲಿ ಚಿತ್ರ ತುಂಬಿಕೊಂಡು ಬಂದ. ಎಲ್ಲ ಇಂಟರ್‌ಲಾಕ್ ಕಲ್ಲಿನ ಚಿತ್ರ. ಬೂದು, ಕೆಂಪು, ಜಿಗ್‌ಜಾಗು. ಅಂಗಳಕ್ಕೆಲ್ಲ ಇದನ್ನು ಹಾಕಿಸಿದರೆ ಧೂಳಿಲ್ಲ, ಹಾವಿನ ಭಯವಿಲ್ಲ, ಮುಂದೆ ಕಾರು ತಗೊಂಡರೆ ನಿಲ್ಲಿಸಬಹುದು ಅಂದ. ಬೀದಿಯಲ್ಲಿ ಎಲ್ಲರೂ ಹಾಕಿಸಿ ಆಯಿತು, ಮಣ್ಣು ಇಟ್ಟುಕೊಂಡಿರುವುದು ನಾವು ಒಬ್ಬರೇ ಅಂದ. ಅದು ನಿಜ. ಎಡಗಡೆ ಮನೆಯವರು ಸಿಮೆಂಟು ಹಾಕಿಸಿದ್ದರು, ಎದುರಿನವರು ಟೈಲ್ಸು, ಮೂಲೆ ಮನೆಯವರು ಇದೇ ಇಂಟರ್‌ಲಾಕ್. ಬಣ್ಣಕ್ಕೆ ಅಂತ ಪ್ಲಾಸ್ಟಿಕ್ಕಿನ ಹೂವಿನ ಕುಂಡ ಎರಡು ಇಟ್ಟರಾಯ್ತು ಅಂತ ಕೊನೆಗೆ ಸೇರಿಸಿದ.

ನಾನು ಸಾಮಾನ್ಯವಾಗಿ ಅವನ ಮಾತಿಗೆ ಎದುರು ಆಡುವುದಿಲ್ಲ. ಅವತ್ತು ಬಾಯಿಂದ ಬಂದುಬಿಟ್ಟಿತು. "ಯುಗಾದಿವರೆಗೆ ಬಿಡಪ್ಪ. ಅಷ್ಟರೊಳಗೆ ಅಲ್ಲಿ ಬಣ್ಣ ಕಾಣ್ಲಿಲ್ಲ ಅಂದ್ರೆ ನಿನ್ನಿಷ್ಟ."

ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ. "ಸರಿ. ಆದ್ರೆ ನೀನು ಬಕೆಟ್ ಎತ್ತೋ ಹಾಗಿಲ್ಲ. ಸೊಂಟ ಹಿಡ್ಕೊಂಡ್ರೆ ಆಸ್ಪತ್ರೆಗೆ ಓಡೋನು ನಾನು."

ಅಷ್ಟು ಬೇಗ ಒಪ್ಪಿದ್ದೇ ನನಗೆ ಸಂಶಯ. ನೀರಿಲ್ಲದೆ ಆ ಕಿಟ್ಟದಲ್ಲಿ ಏನೂ ಬರುವುದಿಲ್ಲ ಅಂತ ಅವನಿಗೆ ಖಾತ್ರಿ ಇತ್ತು. ಸೋಲುವುದು ಗೊತ್ತಿದ್ದೇ ನನ್ನನ್ನು ಆಟಕ್ಕೆ ಬಿಟ್ಟಿದ್ದಾನೆ ಅಂದುಕೊಂಡೆ.

ದಸರಾ ಮುಗಿದು ಮಳೆ ಹಿಂದಾದ ಮೇಲೆ ಒಂದು ನೆಪ ಮಾಡಿಕೊಂಡು ಶಿವಮೊಗ್ಗಕ್ಕೆ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಒಂದೇ ನೋಡಿದೆ. ಯಾರೂ ನೀರು ಹಾಕದ ಕಡೆ ಯಾವುದು ಹೂ ಬಿಟ್ಟಿದೆ ಅಂತ. ರಸ್ತೆ ನಡುವಿನ ಕಟ್ಟೆಯಲ್ಲಿ ಕಣಗಿಲೆ, ಲಾರಿ ಹೊಗೆ ಕುಡಿದುಕೊಂಡೇ ಗುಲಾಬಿ ಬಣ್ಣದ ಗೊಂಚಲು ಹೊತ್ತು ನಿಂತಿತ್ತು. ಪೆಟ್ರೋಲ್ ಬಂಕಿನ ಕಾಂಪೌಂಡಿನ ಮೇಲೆ, ನೀವು ಬೋಗನ್‌ವಿಲ್ಲಾ ಅನ್ನುತ್ತೀರಲ್ಲ, ಆ ಕಾಗದದ ಹೂವು. ಪಾಳುಬಿದ್ದ ಗೋಡೆಯ ಸಂದಿಯಲ್ಲಿ ನಿತ್ಯಪುಷ್ಪ, ಬಿಳಿದೂ ನೇರಳೆದೂ. ಇಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದೆ. ನನ್ನ ಕಣ್ಣು ಮಲ್ಲಿಗೆ ಹುಡುಕುತ್ತಿತ್ತೇ ಹೊರತು ಇವುಗಳ ಮೇಲೆ ಬಿದ್ದಿರಲಿಲ್ಲ.

ಬರುವಾಗ ರಸ್ತೆ ಬದಿಯ ನರ್ಸರಿಯಲ್ಲಿ ಇಳಿದೆ. ಕಾಗದದ ಹೂವಿನ ಗಿಡ ಕೇಳಿದರೆ, ಅಲ್ಲಿಯವನು ಎಲೆ ಕಾಣದಷ್ಟು ಹೂ ತುಂಬಿದ್ದನ್ನು ಮುಂದಿಟ್ಟ. ಏನೋ ಔಷಧಿ ಹೊಡೆದು ಹೂ ಬಿಡಿಸಿರುತ್ತಾನೆ ಅಂತ ನಾನು ಹೂವಿಲ್ಲದ ಒಣಕಲು ಗಿಡವನ್ನೇ ಆರಿಸಿದೆ. ಅವನಿಗೆ ನಗು. ಅಜ್ಜಿ, ಇದಕ್ಕೆ ಜನ ನೀರು ಹಾಕಿ ಹಾಕಿ ಸಾಯಿಸ್ತಾರೆ, ಬೇರು ಹಿಡಿದ ಮೇಲೆ ಇದನ್ನ ಮರೆತುಬಿಡಿ, ಹೂ ಬಿಡುತ್ತೆ ಅಂದ. ನಾಳೆ ಗಿಡ ಸತ್ತರೆ ತಪ್ಪು ನನ್ನ ಮೇಲೆ ಬರಲಿ ಅಂತ ಮುಂಚೆಯೇ ಹೇಳಿಟ್ಟುಕೊಂಡ ಮಾತು ಅಂತ ನಾನು ತಲೆಯಾಡಿಸಿದೆ.

ಕಿಟ್ಟ ಅಗೆಯಲು ಹಾರೆಯೇ ಬೇಕಾಯಿತು. ನಿಮ್ಮಪ್ಪ ಒಂದು ಭಾನುವಾರ ಗೊಣಗಿಕೊಂಡೇ ಗುಂಡಿ ತೋಡಿಕೊಟ್ಟ. ಕೆಂಪು ಮಣ್ಣು, ಹಳೇ ಗೊಬ್ಬರ ತುಂಬಿ, ಗೇಟಿನ ಮೂಲೆಯಲ್ಲಿ ಕಾಗದದ ಹೂವು ನೆಟ್ಟೆ. ಅಲ್ಲಿ ನೆಟ್ಟರೆ ಕಮಾನಿನ ಹಾಗೆ ಗೇಟಿನ ಮೇಲೆ ಹಬ್ಬುತ್ತದೆ, ಬೀದಿಗೆಲ್ಲ ಕಾಣುತ್ತದೆ ಅಂತ ನನ್ನ ಲೆಕ್ಕ. ಗೋಡೆಯುದ್ದಕ್ಕೂ ಕಣಗಿಲೆ. ಅದರ ಎಲೆ, ಹಾಲು ಎರಡೂ ವಿಷ, ನೀವು ಬಾಯಿಗೆ ಹಾಕಬಾರದು ಅಂತ ಎಷ್ಟು ಸಲ ಹೇಳಿದ್ದೆನೋ. ಅಗೆದು ತೆಗೆದ ಕಿಟ್ಟದ ಕಲ್ಲುಗಳನ್ನು ಎಸೆಯಲಿಲ್ಲ. ಅವನ್ನೇ ಅಂಚಿಗೆ ಜೋಡಿಸಿ, ಸಂದಿಗಳಲ್ಲಿ ಟೇಬಲ್ ರೋಸ್ ತುಂಡು ಸಿಕ್ಕಿಸಿದೆ. ಬಿಸಿಲೇರಿದ ಮೇಲೆ ಅರಳಿ, ಸಂಜೆಗೆ ಮುದುಡುತ್ತದಲ್ಲ, ಆ ಹೂವು. ಜೊತೆಗೆ ನಿತ್ಯಪುಷ್ಪದ ಗಿಡ ಎರಡನ್ನೂ ನೆಟ್ಟೆ. ಮೊದಮೊದಲು ಚೊಂಬಿನಲ್ಲಿ ನೀರು ಹಾಕಿದೆ. ಬೇರು ಹಿಡಿದ ಮೇಲೆ ಅದನ್ನೂ ನಿಲ್ಲಿಸಿದೆ. ನಿಮ್ಮಪ್ಪನ ಷರತ್ತು ಇತ್ತಲ್ಲ.

ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ಕಪ್ಪು ಕಲ್ಲಿನ ನಡುವೆ ಟೇಬಲ್ ರೋಸ್ ಅರಳತೊಡಗಿತು. ಹಳದಿ, ಕಿತ್ತಳೆ, ಗಾಢ ಗುಲಾಬಿ. ಕಿಟ್ಟದ ಕರಿಬಣ್ಣದ ಮೇಲೆ ಆ ಹೂವು ಹೇಗೆ ಕಾಣುತ್ತಿತ್ತು ಅಂದರೆ, ಹೊಳಲೂರಿನ ಹಸಿರಿನಲ್ಲಿ ಯಾವ ಹೂವೂ ನನಗೆ ಹಾಗೆ ಕಂಡಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ನಿಮ್ಮಪ್ಪ ಗೇಟು ತೆಗೆದು ಬರುವಾಗ ಅವನ ಮುಖ ನೋಡುತ್ತಿದ್ದೆ. ಅವನು ಹೂ ನೋಡಿಯೂ ನೋಡದವನ ಹಾಗೆ ಚಪ್ಪಲಿ ಬಿಡುತ್ತಿದ್ದ.

ಆಗಲೇ ಗೇಟಿನ ಮೂಲೆ ಕೆಡಲು ಶುರುವಾದದ್ದು.

ಮೊದಲು ಕಾಗದದ ಹೂವಿನ ಎಲೆ ಹಳದಿ ತಿರುಗಿತು. ಆಮೇಲೆ ಅದರ ಬುಡದ ಸುತ್ತ ಇದ್ದ ಟೇಬಲ್ ರೋಸ್ ಕೊಳೆತು ಲೋಳೆಯಾಯಿತು. ಉಳಿದ ಕಡೆಯೆಲ್ಲ ನೆಲ ಒಣಗಿ ಬಿರಿಯುತ್ತಿದ್ದರೆ ಆ ಒಂದು ಮೂಲೆ ಮಾತ್ರ ಒದ್ದೆ. ಯಾರು ನೀರು ಹಾಕಿದರು ಅಂತ ಕೇಳಿದರೆ ಯಾರೂ ಹಾಕಿಲ್ಲ. ಒಂದು ಬೆಳಿಗ್ಗೆ ಬಗ್ಗಿ ನೋಡಿದೆ. ಬುಡದಲ್ಲಿ ಕೆಂಪು ಕಲೆ. ರಕ್ತ ಒಣಗಿದ ಹಾಗೆ. ಅದರ ಸುತ್ತ ಬಿಳಿ ಅಂಚು. ಪಕ್ಕದಲ್ಲಿ ಒಂದು ವೀಳ್ಯದೆಲೆ, ನಡುವೆ ಸುಟ್ಟು ಕಪ್ಪಾದದ್ದು. ನಾನು ಸೆರಗು ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ.

ಅವತ್ತು ಬುಧವಾರ. ಒಣಗಿದ ಕಲೆಯ ಮೇಲೆ ಶನಿವಾರ ಬೆಳಿಗ್ಗೆ ಹೊಸ ಕಲೆ. ಮತ್ತೆ ಬುಧವಾರ ಇನ್ನೊಂದು. ಅಂದರೆ ಮಂಗಳವಾರ ಸಂಜೆ, ಶುಕ್ರವಾರ ಸಂಜೆ. ಪೂಜೆ ಅಂತ ನಾನು ಮೆಟ್ಟಿಲು ಬಿಟ್ಟು ದೇವರ ಮನೆಯ ಹತ್ತಿರ ಹೋಗಿರುವ ಹೊತ್ತು. ಬೇರೆ ದಿನ ಏನೂ ಇಲ್ಲ.

ನಿಮ್ಮಮ್ಮನನ್ನು ಕರೆದು ತೋರಿಸಿದೆ. ಅವಳ ಮುಖ ಒಂದು ಕ್ಷಣ ಬದಲಾಯಿತು. ಏನೋ ಬಣ್ಣದ ನೀರು ಚೆಲ್ಲಿರಬೇಕು ಅತ್ತೆ ಅಂದವಳೇ, ಒಲೆ ಮೇಲೆ ಹಾಲಿದೆ ಅಂತ ಒಳಗೆ ಹೋದಳು. ನಾನು ಹಿಂದೆಯೇ ಹೋಗಿ ನೋಡಿದೆ. ಒಲೆ ಮೇಲೆ ಹಾಲು ಇರಲಿಲ್ಲ.

ಅಲ್ಲಿಂದ ನನ್ನ ತಲೆ ನಿಲ್ಲಲಿಲ್ಲ. ಗಿಡ ಸತ್ತರೆ ಯಾರಿಗೆ ಲಾಭ? ನಿಮ್ಮಪ್ಪನಿಗೆ. ಯುಗಾದಿಗೆ ಗೇಟಿನ ಮೂಲೆ ಬೋಳಾಗಿದ್ದರೆ ಅವನ ಕಲ್ಲು ಬರುತ್ತದೆ. ಹೆತ್ತ ಮಗನ ಮೇಲೆ ಹಾಗೆ ಯೋಚಿಸಬಾರದು ಅಂತ ಎಷ್ಟು ತಳ್ಳಿದರೂ ಯೋಚನೆ ಮತ್ತೆ ಬಂದು ಕೂರುತ್ತಿತ್ತು. ಗಂಡ ಹೆಂಡತಿ ರೂಮಿನಲ್ಲಿ ಮೆಲ್ಲಗೆ ಮಾತಾಡಿದರೆ ನಾನು ಊಟದ ತಟ್ಟೆ ಎತ್ತುವ ನೆಪದಲ್ಲಿ ಬಾಗಿಲ ಹತ್ತಿರ ಸುಳಿಯುತ್ತಿದ್ದೆ. ಇನ್ನೊಂದು ಅನುಮಾನ ಎಡಗಡೆ ಮನೆಯವಳ ಮೇಲೆ. ಅವಳ ಮಾವ ಕಾರ್ಖಾನೆ ಕೆಲಸಕ್ಕೆ ಅಂತ ತಮಿಳುನಾಡಿನ ಕಡೆಯಿಂದ ಬಂದು ಇಲ್ಲೇ ನೆಲೆಸಿದವರು. ಅವಳಿಗೆ ಆ ವರ್ಷ ಮೊಮ್ಮಗ ಹುಟ್ಟಿದ್ದ. ಬೀದಿಯ ಹೆಂಗಸರೆಲ್ಲ ತೊಟ್ಟಿಲ ಶಾಸ್ತ್ರಕ್ಕೆ ಹೋಗಿಬಂದಿದ್ದರು. ನನ್ನನ್ನು ಕರೆದಿರಲಿಲ್ಲ. ಕರೆಯದೆ ಇರುವುದು ನನಗೆ ಹೊಸದಲ್ಲ. ನಿಮ್ಮ ತಾತ ಹೋದ ಮೇಲೆ ಅಂಥ ಕಡೆಗೆ ನಾನೂ ಹೋಗುವುದಿಲ್ಲ. ಆದರೂ ಕರೆಯದವರ ಮನೆ ಪಕ್ಕದ ಮೂಲೆಯಲ್ಲೇ ಕಲೆ ಬೀಳುತ್ತಿತ್ತಲ್ಲ.

ತಡೆಯಲಾರದೆ ಹೊಳಲೂರಿಗೆ ಹೋದೆ. ಅಣ್ಣ ತೋಟಕ್ಕೆ ಹೋಗಿದ್ದ. ಅತ್ತಿಗೆ ಜಗಲಿಯಲ್ಲಿ ಅಡಿಕೆ ಆರಿಸುತ್ತಿದ್ದಳು. ಕಲೆ, ಸುಟ್ಟ ಎಲೆ, ವಾರ ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟಳು.

"ಮಂಗಳವಾರ, ಶುಕ್ರವಾರ. ಕೆಂಪು ನೀರು. ಸುಟ್ಟ ಎಲೆ. ಇನ್ನೇನು ಬೇಕು ಮಾರಾಯ್ತಿ? ಯಾರೋ ಮಾಡ್ಸಿದಾರೆ."

ಮಾಟ ಅನ್ನುವ ಪದವನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಹೇಳಲಿಲ್ಲ. ಅದನ್ನು ದಾಟಬೇಡ, ಬರಿಗೈಯಲ್ಲಿ ಮುಟ್ಟಬೇಡ, ಮಕ್ಕಳನ್ನು ಆ ಕಡೆ ಬಿಡಬೇಡ ಅಂದಳು. ಆಮೇಲೆ ಮತ್ತೆ ಅಡಿಕೆಗೆ ಕೈ ಹಾಕಿ, "ನಿಂಗೆ ಮಾಟ ಮಾಡ್ಸಿ ಯಾರಿಗೇನು ಸಿಗುತ್ತೆ ಅಂತ. ಇರೋದು ಒಂದು ಕಿಟ್ಟದ ಗುಡ್ಡೆ" ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಆ ಕಿಟ್ಟದ ಗುಡ್ಡೆಯೇ ಹೋಗುವುದರಲ್ಲಿತ್ತು.

ಮನೆಗೆ ಮರಳಿದವಳು ನಿಮ್ಮನ್ನು ಆ ಮೂಲೆಗೆ ಚೆಂಡು ಹಾಕಬೇಡಿ ಅಂತ ಗದರಿದೆ. ಅಜ್ಜಿಗೆ ಏನಾಗಿದೆ ಅಂತ ನೀವು ಕೇಳಿದ್ದು ನನಗೆ ಕೇಳಿಸಿತ್ತು. ಬೇಲಿಯ ಜಾಲಿಮುಳ್ಳು ತಂದು ಗಿಡದ ಬುಡದ ಸುತ್ತ ಒತ್ತಾಗಿ ಇಟ್ಟೆ. ಬರುವವರು ಬರಲಿ, ಕೈ ತರಚಿಕೊಳ್ಳಲಿ ಅಂತ. ಶನಿವಾರ ಬೆಳಿಗ್ಗೆ ನೋಡಿದರೆ ಮುಳ್ಳನ್ನೆಲ್ಲ ಎತ್ತಿ ಗೋಡೆಗೆ ನೀಟಾಗಿ ಒರಗಿಸಿದ್ದರು. ನಡುವೆ ಹೊಸ ಕೆಂಪು. ಕೆಟ್ಟದ್ದು ಮಾಡಲು ಬಂದವರು ಅಷ್ಟು ಒಪ್ಪವಾಗಿ ಮುಳ್ಳು ಜೋಡಿಸಿಟ್ಟು ಹೋಗುತ್ತಾರೆಯೇ? ಎಂಥ ಗಟ್ಟಿ ಎದೆಯವರು ಇವರು ಅಂತ ನನಗೆ ಇನ್ನೂ ಭಯವಾಯಿತು.

ಸಂಕ್ರಾಂತಿ ಕಳೆಯಿತು. ಶಿವರಾತ್ರಿಯೂ ಕಳೆಯಿತು. ಕಣಗಿಲೆ ಗೋಡೆಯುದ್ದಕ್ಕೂ ಗುಲಾಬಿ ಬಣ್ಣ ಹೊತ್ತು ನಿಂತಿತ್ತು. ನಿತ್ಯಪುಷ್ಪ ತಾನೇ ಬೀಜ ಉದುರಿಸಿ ಕಲ್ಲುಸಂದಿಯಲ್ಲೆಲ್ಲ ಎದ್ದಿತ್ತು. ಆದರೆ ಗೇಟು ತೆಗೆದರೆ ಮೊದಲು ಕಣ್ಣಿಗೆ ಬೀಳುವುದು ಆ ಸಾಯುತ್ತಿರುವ ಮೂಲೆ. ನಿಮ್ಮಪ್ಪ ಕಲ್ಲಿನ ಕೆಲಸದವನಿಗೆ ಫೋನು ಮಾಡಿ ಭಾನುವಾರ ಅಳತೆಗೆ ಬರಲು ಹೇಳಿದ. ಒಂದು ಶುಕ್ರವಾರ ಉಳಿದಿತ್ತು.

ಆ ಶುಕ್ರವಾರ ಸಂಜೆ ತಲೆನೋವು ಅಂತ ಹೇಳಿ, ದೇವರಿಗೆ ದೂರದಿಂದಲೇ ಕೈಮುಗಿದು, ಮುಂದಿನ ರೂಮಿಗೆ ಹೋಗಿ ದೀಪ ಹಾಕದೆ ಕಿಟಕಿ ಪರದೆಯ ಹಿಂದೆ ಕೂತೆ. ಬೀದಿದೀಪ ಆಗತಾನೇ ಹತ್ತಿತ್ತು. ಮೊದಲು ಬಂದವಳು ಎಡಗಡೆ ಮನೆಯವಳೇ. ಸೊಂಟದ ಮೇಲೆ ಮಗು, ಇನ್ನೊಂದು ಕೈಯಲ್ಲಿ ತಟ್ಟೆ. ನೋಡಿದೆಯಾ ಅಂತ ನನಗೆ ನಾನೇ ಹೇಳಿಕೊಂಡೆ. ಅವಳು ನಾನು ಮತ್ತೆ ಇಟ್ಟಿದ್ದ ಮುಳ್ಳನ್ನು ಕಾಲಿನಿಂದ ಸರಿಸಿ, ತಟ್ಟೆ ಬಾಗಿಸಿ ಸುರಿದು, ಬೆರಳದ್ದಿ ಮಗುವಿನ ಹಣೆಗೆ ಒಂದು ಚುಕ್ಕೆ ಇಟ್ಟಳು. ಅವಳು ಇನ್ನೂ ಅಲ್ಲಿರುವಾಗಲೇ ಎದುರು ಮನೆಯವಳು ಬಂದಳು. ಅವಳ ಕೈಯಲ್ಲೂ ತಟ್ಟೆ. ಇಡೀ ಬೀದಿಯೇ ಸೇರಿಕೊಂಡಿದೆ ಅಂದುಕೊಂಡೆ. ಅಷ್ಟರಲ್ಲಿ ನಮ್ಮದೇ ಬಾಗಿಲು ತೆರೆಯಿತು. ನಿಮ್ಮಮ್ಮ ಹೊರಗೆ ಬಂದಳು. ಅವಳ ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ನೀರಿನ ಚೊಂಬು. ಮೂವರೂ ಏನೋ ಮೆಲ್ಲಗೆ ಮಾತಾಡಿದರು. ಒಬ್ಬಳು ನಕ್ಕಳು.

ನಿಮ್ಮಮ್ಮ ಬುಡಕ್ಕೆ ಬಗ್ಗಿದಳು. ಚೊಂಬು ಕೆಳಗಿಟ್ಟು, ಎಡಗೈ ತಟ್ಟೆಯ ಅಂಚಿಗೆ ಅಡ್ಡ ಹಿಡಿದು, ಒಂದು ಹನಿಯೂ ಕಾಲ ಮೇಲೆ ಸಿಡಿಯದ ಹಾಗೆ ತಟ್ಟೆಯನ್ನು ಓರೆ ಮಾಡಿದಳು. ಆ ಕೈ ತಿರುವು ನನಗೆ ಗೊತ್ತಿತ್ತು. ಅವಳು ಹೊಸ ಮದುಮಗಳಾಗಿ ಬಂದಾಗ ನಾನೇ ಕಲಿಸಿದ್ದು.

ಆರತಿಯ ನೀರು ಅದು. ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುವ ನೀರು. ಅದರಲ್ಲಿ ವೀಳ್ಯದೆಲೆ ತೇಲಿಸಿ ಕರ್ಪೂರ ಹಚ್ಚುತ್ತಾರೆ. ದೇವರಿಗೆ ಬೆಳಗಿದರೂ, ಮಗುವಿಗೆ ದೃಷ್ಟಿ ತೆಗೆದರೂ, ಆಮೇಲೆ ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಚೆಲ್ಲಬೇಕು. ಮೂವತ್ತು ವರ್ಷಕ್ಕೂ ಮೇಲೆ ಈ ಕೈಯಲ್ಲೇ ಕಲಸಿದ್ದೇನೆ. ನಿಮ್ಮ ತಾತ ಹೋದ ಮೇಲೆ ಆರತಿ ತಟ್ಟೆ ನನ್ನ ಕೈಗೆ ಬಂದಿಲ್ಲ. ಬೇರೆಯವರು ಬೆಳಗುವಾಗ ನಾನು ಹಿಂದೆ ನಿಂತಿರುತ್ತೇನೆ. ನೀರು ಆಮೇಲೆ ಎಲ್ಲಿ ಹೋಗುತ್ತದೆ ಅಂತ ನೋಡುವ ಕೆಲಸ ನನಗಿರಲಿಲ್ಲ. ಅತ್ತಿಗೆಗೂ ಹೊಳೆಯದ್ದು ಯಾಕೆ ಅಂತಲೂ ಆಗ ತಿಳಿಯಿತು. ಹೊಳಲೂರಿನಲ್ಲಿ ಅಂಗಳದ ತುಂಬ ಗಿಡ. ಒಂದೇ ಬುಡಕ್ಕೆ ಇಡೀ ಬೀದಿಯವರು ಚೆಲ್ಲುವುದಿಲ್ಲ. ಕಲೆ ಎಲ್ಲೂ ಉಳಿಯುವುದಿಲ್ಲ.

ಹೊರಗೆ ಹೋಗಿ ಕೇಳುವ ಧೈರ್ಯ ನನಗೆ ಬರಲಿಲ್ಲ. ಮರುದಿನ ನಿಮ್ಮಮ್ಮ ಸೊಪ್ಪು ಬಿಡಿಸುವಾಗ ಪಕ್ಕ ಕೂತು ನಾನೂ ಬಿಡಿಸುತ್ತ, ಆರತಿ ನೀರು ಅಂತ ಯಾಕೆ ಹೇಳಲಿಲ್ಲ ಅಂದೆ. ಅವಳು ಸೊಪ್ಪಿನ ಮೇಲಿಂದ ಕಣ್ಣೆತ್ತಲಿಲ್ಲ.

"ನಿಮ್ಮ ಮುಂದೆ ಆರತಿ ಮಾತು ಹೇಗೆ ಎತ್ತೋದು ಅತ್ತೆ? ಬೀದೀಲಿ ಎಲ್ರೂ ಕಲ್ಲು ಹಾಸ್ಕೊಂಡಿದಾರೆ. ಚೆಲ್ಲೋಕೆ ಮಣ್ಣಿಲ್ಲ, ನಿಮ್ಮನೇಲಿ ಚೆಲ್ತೀವಿ ಅಂದ್ರು. ಮೂಲೇಲಿ ಗಿಡ ಇದೆ, ಅಲ್ಲಿ ಚೆಲ್ಲಿ ಅಂದೆ."

"ಚೊಂಬಿನ ನೀರು ಯಾಕೆ?"

"ಎಲೆ ಹಳದಿ ಆಗ್ತಿತ್ತಲ್ಲ. ನೀರು ಸಾಲ್ತಿಲ್ಲ ಅಂದ್ಕೊಂಡೆ. ಒಂದೊಂದು ಚೊಂಬು ಜಾಸ್ತಿ ಸೇರಿಸಿ ಹಾಕಿ ಅಂತ ಎಲ್ರಿಗೂ ನಾನೇ ಹೇಳಿದ್ದು. ನೀವು ಬಕೆಟ್ ಎತ್ತೋ ಹಾಗಿಲ್ಲ, ನಾವಾದ್ರೂ ಗಿಡ ಉಳಿಸಿಕೊಡೋಣ ಅಂತ."

ನರ್ಸರಿಯವನ ಮಾತು ನೆನಪಾಯಿತು. ನೀರು ಹಾಕಿ ಹಾಕಿ ಸಾಯಿಸ್ತಾರೆ ಜನ. ಸಾಯಿಸುತ್ತಿದ್ದವರು ನನ್ನ ಪರವಾಗಿ ಇದ್ದವರೇ. ಬಿಡಿಸಿದ ಸೊಪ್ಪನ್ನೇ ಮತ್ತೆ ಆರಿಸಿದೆ. ಕೊನೆಗೆ, ಈ ಗಿಡಕ್ಕೆ ನೀರು ಆಗುವುದಿಲ್ಲ ಕಣಮ್ಮ, ಸುಣ್ಣವಂತೂ ಮೊದಲೇ ಆಗುವುದಿಲ್ಲ ಅಂದೆ. ಅವಳು ತಲೆ ಮೇಲೆ ಕೈ ಇಟ್ಟುಕೊಂಡಳು.

ಆದರೆ ಅಷ್ಟರಿಂದ ಅಂಗಳ ಉಳಿಯುವ ಹಾಗಿರಲಿಲ್ಲ. ಭಾನುವಾರ ಕಲ್ಲಿನ ಕೆಲಸದವನು ದಾರದ ಉಂಡೆ ಹಿಡಿದು ಬಂದೇಬಿಟ್ಟ. ನಿಮ್ಮಪ್ಪ ಅವನನ್ನು ಗೇಟಿನ ಹತ್ತಿರ ನಿಲ್ಲಿಸಿ, ನನ್ನ ಕಡೆ ತಿರುಗಿ, ಒಣಗಿದ ಕಾಗದದ ಹೂವಿನ ಗಿಡ ತೋರಿಸಿದ.

"ಇದೇನಾ ಅಮ್ಮ ಬಣ್ಣ?"

ಗೋಡೆ ಪಕ್ಕದ ಕಣಗಿಲೆ ನೋಡು ಅನ್ನಬೇಕಿತ್ತು. ಕಲ್ಲುಸಂದಿಯ ಹೂ ನೋಡು ಅನ್ನಬೇಕಿತ್ತು. ಹೊಸಬರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಕೆಲಸದವನು ಗೇಟಿನ ಮೂಲೆಗೆ ಗೂಟ ಹೊಡೆದು ದಾರ ಕಟ್ಟಿದ. ಆ ದಾರ ನನ್ನ ಮೆಟ್ಟಿಲಿನವರೆಗೆ ಬಂತು. ನಾನು ಸೆರಗು ಹಿಡಿದುಕೊಂಡು ನಿಂತೇ ಇದ್ದೆ.

ಆಗ ಎಡಗಡೆ ಮನೆಯವಳು ಗೇಟಿನ ಆಚೆ ಬಂದು ನಿಂತಳು. ಕೈಯೆಲ್ಲ ಹಿಟ್ಟು. ಅಡುಗೆ ಬಿಟ್ಟು ಬಂದಿದ್ದಳು.

"ಏನ್ ತಂಬಿ, ಇದನ್ನೂ ಮುಚ್ತೀಯಾ?"

ಹೌದಕ್ಕ, ಧೂಳು ಜಾಸ್ತಿ ಅಂದ ನಿಮ್ಮಪ್ಪ.

"ಮುಚ್ಚು. ಆಮೇಲೆ ಆರತಿ ನೀರು ಎಲ್ಲಿ ಚೆಲ್ಲೋದು ಅಂತ ನೀನೇ ಹೇಳ್ಬಿಡು. ಚರಂಡಿಗಾ, ರಸ್ತೆಗಾ? ಜನ ತುಳ್ಕೊಂಡು ಹೋಗ್ಲಾ? ಈ ಬೀದೀಲಿ ಮಣ್ಣು ಅಂತ ಉಳ್ದಿರೋದು ಅಕ್ಕನ ಅಂಗಳ ಒಂದೇ."

ನಿಮ್ಮಪ್ಪನಿಗೆ ಏನೂ ಅರ್ಥವಾಗಲಿಲ್ಲ. ಆರತಿ ನೀರಿಗೂ ಇಂಟರ್‌ಲಾಕಿಗೂ ಏನು ಸಂಬಂಧ ಅಂತ ಹೆಂಡತಿಯ ಕಡೆ ನೋಡಿದ. ಅಷ್ಟು ಹೊತ್ತಿಗೆ ಎದುರು ಮನೆಯವಳೂ ಬಂದಿದ್ದಳು. ತಾನು ಟೈಲ್ಸು ಹಾಕಿಸಿ ಕೆಟ್ಟೆ, ಮಳೆ ಬಂದರೆ ಜಾರುತ್ತದೆ, ಬಿಸಿಲಿಗೆ ಕಾಲಿಡಲಾಗುವುದಿಲ್ಲ, ನೀನೂ ಅದೇ ಮಾಡಬೇಡ ಅಂತ ಅವಳೂ ಒಂದು ಸೇರಿಸಿದಳು. ನಿಮ್ಮಪ್ಪ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಚೌಕಾಸಿ ಮಾಡುವವನು. ಹೆಂಗಸರ ದೇವರ ಮಾತಿನ ಮುಂದೆ ಆ ಚೌಕಾಸಿ ನಡೆಯಲಿಲ್ಲ. ಕೆಲಸದವನು ಕೂಡ ದಾರ ಹಿಡಿದುಕೊಂಡೇ, ಪೂಜೆ ನೀರು ಅಂದ ಮೇಲೆ ಅಷ್ಟು ಜಾಗ ಬಿಡೋದು ಒಳ್ಳೇದು ಸಾರ್ ಅಂತ ಗೊಣಗಿದ.

ಬಹಳ ಹೊತ್ತಿನ ಮೇಲೆ ಒಂದು ತೀರ್ಮಾನ ಆಯಿತು. ಗೇಟಿನಿಂದ ಒಳಗೆ ಗಾಡಿ ಚಕ್ರ ಓಡುವಷ್ಟು ಎರಡು ಪಟ್ಟಿ ಮಾತ್ರ ಕಲ್ಲು. ಉಳಿದದ್ದು ಮಣ್ಣು. ಕೆಲಸದವನು ಮೆಟ್ಟಿಲಿಗೆ ಬಂದ ದಾರ ಬಿಚ್ಚಿಕೊಂಡ. ನಿಮ್ಮಪ್ಪ ನನ್ನ ಪಕ್ಕ ಹಾದುಹೋಗುವಾಗ, ಇಡೀ ಬೀದಿ ನಿನ್ನ ಕಡೆ ಇದೆ ಅಂತ ಮೊದಲೇ ಹೇಳಬಾರದಿತ್ತಾ ಅಂದ. ಅದು ನನಗೇ ಗೊತ್ತಿರಲಿಲ್ಲ.

ಒಂದು ವಿಷಯ ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ಎಡಗಡೆ ಮನೆಯವಳು ಸರಿಯಾಗಿ ಆ ಹೊತ್ತಿಗೆ, ಹಿಟ್ಟಿನ ಕೈಯಲ್ಲಿ, ಹೇಗೆ ಬಂದಳು? ನಾನು ತಿರುಗಿ ನೋಡಿದಾಗ ನಿಮ್ಮಮ್ಮ ಕಿಟಕಿಯ ಹತ್ತಿರ ನಿಂತು ಮೊಬೈಲನ್ನು ಸೆರಗಿನೊಳಗೆ ಸೇರಿಸುತ್ತಿದ್ದಳು. ಕೇಳಿದರೆ, ಟೈಮ್ ನೋಡ್ತಿದ್ದೆ ಅತ್ತೆ ಅಂದಳು. ಗೋಡೆಯ ಮೇಲೆ ಗಡಿಯಾರ ಇತ್ತು.

ಯುಗಾದಿಗೆ ಮುಂಚೆ ನಾನು ಮತ್ತೆ ಹೊಳಲೂರಿಗೆ ಹೋಗಿ ಅಣ್ಣನ ಮನೆ ಬಚ್ಚಲ ನೀರು ಹರಿಯುವ ಕಡೆಯಿಂದ ಕಾಬಾಳೆ ಗೆಡ್ಡೆ ಕಿತ್ತು ತಂದೆ. ಬಾಳೆಯಂಥ ಅಗಲ ಎಲೆ, ಕೆಂಪು ಹೂ, ಎಷ್ಟು ಸುರಿದರೂ ಕುಡಿಯುವ ಗಿಡ. ಅತ್ತಿಗೆಗೆ ಕತೆ ಹೇಳಿದೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, ನಾನು ಹೇಳಿದ್ದನ್ನು ಆ ಹೆಂಗಸರಿಗೆ ಹೇಳಬೇಡ ಮಾರಾಯ್ತಿ ಅಂದಳು. ಗೆಡ್ಡೆಯನ್ನು ಗೇಟಿನ ಇನ್ನೊಂದು ಪಕ್ಕ ನೆಟ್ಟೆ. ಇನ್ನು ಮೇಲೆ ಇದಕ್ಕೆ ಚೆಲ್ಲಿ, ಅದಕ್ಕೆ ಬೇಡ ಅಂತ ನಿಮ್ಮಮ್ಮ ಎಲ್ಲರಿಗೂ ಹೇಳಿ ಬಂದಳು. ಕಾಗದದ ಹೂವಿನ ಬುಡದ ಕೆಂಪು ಮಣ್ಣು ತೆಗೆದು ಹೊಸ ಮಣ್ಣು ಹಾಕಿ, ಒಣಗಿದ ಕೊಂಬೆ ಕತ್ತರಿಸಿ, ಅದನ್ನು ಮರೆತುಬಿಟ್ಟೆ. ಮರೆತ ಹಾಗೆ ಮಾಡಿದೆ ಅನ್ನಬೇಕು. ದಿನಾ ಓರೆಗಣ್ಣಲ್ಲಿ ನೋಡುತ್ತಿದ್ದೆ. ಆ ಬೇಸಿಗೆ ಅದು ಎಲೆಯನ್ನಷ್ಟೇ ಬಿಟ್ಟಿತು. ಮುಂದಿನ ಬೇಸಿಗೆಗೆ, ಬಿಸಿಲು ಸುಡುತ್ತಿರುವಾಗ, ಗೇಟಿನ ಮೇಲೆಲ್ಲ ಹೂ ಬಿಟ್ಟಿತು. ನೀವು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಿರಿ. ಮರುಭೂಮಿ ಅಂತ ಆಮೇಲೆ ನೀವು ಅಂದದ್ದು ನನಗೆ ನೆನಪಿಲ್ಲ.

ಈಗ ಮಂಗಳವಾರ, ಶುಕ್ರವಾರ ಸಂಜೆ ಗೇಟು ಕಿರುಗುಟ್ಟಿದರೆ ನಾನು ಮೆಟ್ಟಿಲ ಮೇಲಿಂದ ಏಳುವುದಿಲ್ಲ. ಆದರೆ ಯಾರು ಯಾವ ಗಿಡಕ್ಕೆ ಸುರಿಯುತ್ತಾರೆ ಅಂತ ನೋಡದೆಯೂ ಇರುವುದಿಲ್ಲ. ಹೋಗುವಾಗ ಕಣಗಿಲೆ ಎರಡು ಜಾಸ್ತಿಯೇ ಕಿತ್ತುಕೊಳ್ಳುತ್ತಾರೆ ಅಂತಲೂ ನನಗೆ ಗೊತ್ತು.

ಕಳೆದ ಕಾರ್ತಿಕದಲ್ಲಿ ಒಂದು ಶುಕ್ರವಾರ ಎಡಗಡೆ ಮನೆಯವಳು ಬಂದಾಗ ಅವಳ ಮೊಮ್ಮಗ ಗೇಟಿನ ಸರಳು ಹಿಡಿದು ಬಿಡಲೊಲ್ಲೆ ಅಂತ ಹಟ ಮಾಡುತ್ತಿದ್ದ. ಅವಳು ತಟ್ಟೆಯನ್ನು ನನ್ನ ಕೈಗೆ ಚಾಚಿದಳು.

"ನೀವೇ ಚೆಲ್ಲಿಬಿಡಿ ಅಕ್ಕ."

ನಾನು ಹಿಂದೆ ಮುಂದೆ ನೋಡಿದೆ. ಬೀದಿಯಲ್ಲಿ ಜನ ಇದ್ದರು. ಬೇಕಂತಲೇ ಕೊಟ್ಟಳೋ, ಮಗುವನ್ನು ಬಿಡಿಸಲು ಎರಡು ಕೈ ಬೇಕಾಗಿ ಕೊಟ್ಟಳೋ, ಅವಳ ಮುಖದಿಂದ ತಿಳಿಯಲಿಲ್ಲ. ತಟ್ಟೆ ಇನ್ನೂ ಬೆಚ್ಚಗಿತ್ತು. ಎಡಗೈಯನ್ನು ಅಂಚಿಗೆ ಅಡ್ಡ ಹಿಡಿದು ಕಾಬಾಳೆಯ ಬುಡಕ್ಕೆ ಓರೆ ಮಾಡಿದೆ. ಕಾಲ ಮೇಲೆ ಒಂದು ಹನಿಯೂ ಸಿಡಿಯಲಿಲ್ಲ.